ಬೆರಿ ಪಟ್ಟಣದ ಚೆಂಡಾಟದ ಬಯಲು

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನೆಲಸಿರುವನು. 2024ನೆಯ ಇಸವಿಯ ಶರತ್ಕಾಲದಲ್ಲಿ ನಾವು ಪತ್ನೀಸಮೇತರಾಗಿ ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಆ ನಗರದಲ್ಲಿ ಜಗತ್ಪ್ರಸಿದ್ಧವಾದ ಎರಡು ಫುಟ್ಬಾಲ್ ಸಂಘಗಳುಂಟು. ಅವುಗಳ ಕ್ರೀಡಾಂಗಣಗಳನ್ನು ಮಗನು ನಮಗೆ ತೋರಿಸಿದನು. ಆ ವೈಭವವನ್ನು ವಾಚಕರು ಮನೆಯಲ್ಲಿಯೇ ಕುಳಿತು ತೆರೆಯ ಮೇಲೆ ನೋಡಬಹುದಾದುದರಿಂದ ಅದರ ವರ್ಣನೆಗೆ ನಾವು ಲೇಖನಿಯನ್ನು ಹಿಡಿದಿಲ್ಲ. ಅಲ್ಲಿಂದ ಉತ್ತರಕ್ಕೆ ಟ್ರಾಮಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿಯಲ್ಲಿರುವ ಬೆರಿ ಎಂಬ ಪಟ್ಟಣದ ಸಂಗತಿಯೇ ಈ ಲೇಖನದ ವಿಷಯ.

ಈ ಊರಿನ ಹೆಸರೂ ಆಂಗ್ಲಭಾಷೆಯಲ್ಲಿ ಹೂಳುವುದೆಂಬ ಅರ್ಥವುಳ್ಳ ಕ್ರಿಯಾಪದವೂ ಬರವಣಿಗೆಯಲ್ಲಿ ಒಂದೇ. ನಿಷ್ಪತ್ತಿ ಮಾತ್ರ ಬೇರೆ. ಊರಿನ ಹೆಸರು ಕೋಟೆಯನ್ನು ಹೇಳುವ ಹಳೆಯ ಶಬ್ದದಿಂದ ಬಂದುದು. ಇರ್ವೆಲ್ ನದಿಯ ದಡದ ಈ ಪಟ್ಟಣವು ಹತ್ತಿಯ ಗಿರಣಿಗಳಿಂದ ಬೆಳೆಯಿತು. 1733ರಲ್ಲಿ ಹಾರುವ ಲಾಳಿಯನ್ನು ಕಂಡುಹಿಡಿದು ನೇಯ್ಗೆಯ ರೀತಿಯನ್ನೇ ಬದಲಾಯಿಸಿದ ಜಾನ್ ಕೇ ಈ ಪ್ರಾಂತದವನು. ಲಂಡನ್ನಿನ ಪೊಲೀಸ್ ಪಡೆಯನ್ನು ಸ್ಥಾಪಿಸಿ ಮುಂದೆ ಪ್ರಧಾನಮಂತ್ರಿಯಾದ ರಾಬರ್ಟ್ ಪೀಲನೂ ಇಲ್ಲಿಯೇ ಹುಟ್ಟಿದನು. ಅವನ ಪ್ರತಿಮೆಯು ಪೇಟೆಯ ನಡುವೆ ನಿಂತಿದೆ. ಸಂತೆ ದೊಡ್ಡದು. ರಕ್ತವನ್ನು ಬೆರಸಿ ಮಾಡಿದ ಕರಿಯ ಕಡುಬು ಇಲ್ಲಿಯ ಕೀರ್ತಿಗೆ ಕಾರಣವೆಂದು ಮಗನು ಹೇಳಿದೊಡನೆಯೇ ನಮ್ಮ ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗಬೇಗನೆ ನಡೆದುಬಿಟ್ಟರು.

ಪೇಟೆಯಿಂದ ಸ್ವಲ್ಪ ದೂರದಲ್ಲಿ ಗಿಗ್ ಲೇನ್ ಎಂಬ ಬೀದಿಯೂ ಅದೇ ಹೆಸರಿನ ಆಟದ ಬಯಲೂ ಇರುವುವು. 1885ರಲ್ಲಿ ಸ್ಥಾಪಿತವಾದ ಬೆರಿ ಸಂಘವು ಅಂದಿನಿಂದ ಇಲ್ಲಿಯೇ ಆಡಿತು. 1894ರಲ್ಲಿ ಲೀಗ್ ಎಂಬ ಸಂಘಗಳ ಒಕ್ಕೂಟವನ್ನು ಸೇರಿತು. ಆ ದೇಶದ ಅತ್ಯಂತ ಪುರಾತನವಾದ ಎಫ್. ಎ. ಕಪ್ಪನ್ನು 1900ರಲ್ಲಿಯೂ 1903ರಲ್ಲಿಯೂ ಗೆದ್ದಿತು. ಎರಡನೆಯ ಸಲ ಡರ್ಬಿ ಕೌಂಟಿಯ ಮೇಲೆ ಆರು ಗೋಲುಗಳನ್ನು ಹೊಡೆದು, ಆ ವರ್ಷದ ಸ್ಪರ್ಧೆಯಲ್ಲೆಲ್ಲಾ ತಾನು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅಂತಿಮ ಪಂದ್ಯದ ಆ ಅಂತರವನ್ನು ನೂರಹದಿನಾರು ವರ್ಷ ಯಾರೂ ಮುಟ್ಟಲಿಲ್ಲ. 2019ನೆಯ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯವರು ಸರಿಗಟ್ಟಿದರು. ಅದೇ ವರ್ಷದ ಆಗಸ್ಟಿನಲ್ಲಿ ಬೆರಿ ಸಂಘವು ಲೀಗಿನಿಂದ ಬಹಿಷ್ಕೃತವಾಯಿತು.

ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಆ ದೇಶದಲ್ಲಿ ಸಂಘಗಳ ಆಡಳಿತವು ನಡೆದುಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ಸಂಘಗಳು ಬಹುಕಾಲದಿಂದ ಷೇರು ಕಂಪೆನಿಗಳೇ. ಆದರೆ ಹಿಂದಿನ ಕಾಲದಲ್ಲಿ ಷೇರುದಾರರಿಗೆ ಕೊಡುವ ಲಾಭಾಂಶಕ್ಕೆ ಒಂದು ಮಿತಿಯಿದ್ದಿತು, ನಿರ್ದೇಶಕರಿಗೆ ಸಂಬಳವಿರಲಿಲ್ಲ. ಅಂದರೆ ನಿರ್ದೇಶಕನು ಒಬ್ಬ ಧರ್ಮದರ್ಶಿಯಂತೆ ಇರಬೇಕೆಂಬುದು ಆಶಯ. 1983ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಸಂಘವು ತನ್ನ ಮೇಲೊಂದು ಬೇರೆ ಕಂಪೆನಿಯನ್ನು ಕಟ್ಟಿಕೊಂಡು ಈ ಕಟ್ಟನ್ನು ದಾಟಿತು. 1992ರಲ್ಲಿ ದೊಡ್ಡ ಸಂಘಗಳು ಪ್ರತ್ಯೇಕವಾಗಿ ಪ್ರೀಮಿಯರ್ ಲೀಗನ್ನು ಸ್ಥಾಪಿಸಿಕೊಳ್ಳಲು, ದೂರದರ್ಶನದ ಹಣದ ಹೊಳೆಯು ಮೇಲಿನ ಗದ್ದೆಗಳಲ್ಲಿಯೇ ನಿಂತಿತು. ಕೆಳಗಿನವರು ಮೇಲಕ್ಕೇರುವ ಆಸೆಯಿಂದ ಆದಾಯಕ್ಕೆ ಮೀರಿ ಆಟಗಾರರಿಗೆ ಸಂಬಳ ಕೊಡತೊಡಗಿದರು. ಕೊರತೆಯನ್ನು ತುಂಬಲು ಒಬ್ಬ ಧನಿಕನು ಬೇಕು. ಅವನು ಕೈಬಿಟ್ಟರೆ ಮತ್ತೊಬ್ಬನನ್ನು ಹುಡುಕಬೇಕು. ಲೀಗಾದರೂ ಸಂಘಗಳೇ ಷೇರುದಾರರಾಗಿರುವ ಸಂಸ್ಥೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಮಗೆ, ಹುಡುಗರೇ ಸೇರಿ ಉಪಾಧ್ಯಾಯರನ್ನು ನೇಮಿಸಿಕೊಂಡ ಪಾಠಶಾಲೆಯಂತೆ ಇದು ಕಂಡಿತು.

ಬೆರಿ ಸಂಘವು ಸಾಲದಲ್ಲಿ ಮುಳುಗಿದ್ದಿತು. ಆಟದ ಬಯಲೇ ಅಡವಿನಲ್ಲಿದ್ದಿತು. 2018ರ ಡಿಸೆಂಬರಿನಲ್ಲಿ ಅದನ್ನು ಒಬ್ಬ ವ್ಯವಹಾರಸ್ಥನು ಒಂದು ಪೌಂಡಿಗೆ ಕೊಂಡನು. ಮುದ್ರಣದೋಷವಲ್ಲ, ಒಂದೇ ಪೌಂಡು. ಬೆರಿಯಲ್ಲಿ ಫುಟ್ಬಾಲ್ ತಂಡವೊಂದಿದೆಯೆಂಬುದೇ ಮೊದಲು ತನಗೆ ತಿಳಿದಿರಲಿಲ್ಲವೆಂದು ಆತನು ಮುಂದೆ ಸಂದರ್ಶನದಲ್ಲಿ ಹೇಳಿದನು. ಕೊಳ್ಳುವುದಕ್ಕೆ ಮೊದಲೇ ಹಣದ ಬಲವನ್ನು ತೋರಿಸಿಯೇ ತೀರಬೇಕೆಂಬ ಕಟ್ಟು ಅಂದಿನ ನಿಯಮಾವಳಿಯಲ್ಲಿರಲಿಲ್ಲ. ಆಟಗಾರರಿಗೆ ಸಂಬಳ ನಿಂತಿತು. ಆಶ್ಚರ್ಯವೇನೆಂದರೆ, ಆ ತರುಣರು ಸಂಬಳವಿಲ್ಲದೆಯೇ ಆಡಿ, 2019ರ ವಸಂತದಲ್ಲಿ ತಂಡವನ್ನು ನಾಲ್ಕನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರಿಸಿದರು.

ನಾವು ಗಿಗ್ ಲೇನಿಗೆ ಹೋದ ಶನಿವಾರ ಮಳೆ ಹನಿಯುತ್ತಿದ್ದಿತು. ಪಕ್ಕದ ಆಸನದಲ್ಲಿ ಎಂಬತ್ತರ ಸಮೀಪದ ವೃದ್ಧರೊಬ್ಬರು ಕುಳಿತಿದ್ದರು. ನಮ್ಮ ಕೊರಳಿನ ಉಣ್ಣೆಯ ವಸ್ತ್ರವನ್ನು ನೋಡಿ, "ಈ ಚಳಿಯಲ್ಲಿ ಇಲ್ಲಿಗೇಕೆ ಬಂದಿರಿ?" ಎಂದು ನಗುತ್ತಾ ಮಾತನಾಡಿಸಿದರು. ತರುವಾಯ ತಾವಾಗಿಯೇ ಆ ಆಗಸ್ಟ್ 27ನೆಯ ದಿನದ ವೃತ್ತಾಂತವನ್ನು ಹೇಳತೊಡಗಿದರು. ಸಂಜೆ ಐದು ಗಂಟೆಗೆ ಲೀಗಿನ ಗಡುವು. ಹೊಸಬರು ಸಂಘವನ್ನು ಕೊಳ್ಳುವರೆಂಬ ಆಸೆಯಿಂದ ನೂರಾರು ಜನ ಬೆಳಿಗ್ಗೆಯೇ ಪೊರಕೆ ಬಕೀಟುಗಳನ್ನು ಹಿಡಿದು ಬಂದು, ಧೂಳು ಹಿಡಿದ ಆಸನಗಳನ್ನು ಒರಸತೊಡಗಿದರಂತೆ. ಅದಕ್ಕೆ ಹಿಂದಿನ ದಿನಗಳಲ್ಲಿ, ಮಾಜಿ ನಿರ್ದೇಶಕಿಯೊಬ್ಬರು ಇಲ್ಲಿಯ ಮಳೆನೀರಿನ ಕೊಳವೆಗೆ ತಮ್ಮ ಕೈಗೆ ಬೇಡಿ ಹಾಕಿಕೊಂಡು ನಿಂತಿದ್ದರು. ಅಟ್ಟಣೆಗಳಲ್ಲೊಂದಕ್ಕೆ ಆಕೆಯ ತಂದೆಯ ಹೆಸರುಂಟು. ಕೊಳ್ಳಲು ಬಂದವರು ಮಧ್ಯಾಹ್ನ ಹಿಂಜರಿದರು. ರಾತ್ರಿ ಲೀಗಿನ ತೀರ್ಪು ಹೊರಬಿತ್ತು.

"ನಾನು ಒರಸಿದ ಸಾಲು ಇದೇ. ಒರಸಿ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದೆ, ಮಗಳು ಬಂದು ಹೇಳಿದಳು," ಎಂದು ಆ ವೃದ್ಧರು ಆಸನವನ್ನು ತಟ್ಟಿ ತೋರಿಸಿದರು. ನಾವು ಏನು ಹೇಳಬೇಕೆಂದು ತೋರದೆ ಸುಮ್ಮನಿದ್ದೆವು.

ಮುಂದಿನ ಕಥೆಯೂ ನೇರವಾದುದಲ್ಲ. ಅಭಿಮಾನಿಗಳಲ್ಲಿ ಕೆಲವರು 2019ರಲ್ಲಿಯೇ ಹೊಸ ಸಂಘವೊಂದನ್ನು ಸ್ಥಾಪಿಸಿ, ನೆರೆಯ ರ‍್ಯಾಡ್‌ಕ್ಲಿಫಿನ ಬಯಲಿನಲ್ಲಿ, ಹತ್ತನೆಯ ಮೆಟ್ಟಿಲಿನಿಂದ ಆಟವನ್ನಾರಂಭಿಸಿದರು. ಮತ್ತೆ ಕೆಲವರು ಹಳೆಯ ಹೆಸರನ್ನೂ ಬಯಲನ್ನೂ ಬಿಡಲೊಲ್ಲದೆ, ದಾನಿಗಳ ನೆರವಿನಿಂದಲೂ ಸರಕಾರದ ಹತ್ತು ಲಕ್ಷ ಪೌಂಡಿನ ಅನುದಾನದಿಂದಲೂ 2022ರಲ್ಲಿ ಗಿಗ್ ಲೇನನ್ನು ಕೊಂಡರು. ಒಂದು ಕಡೆ ತಂಡವಿದೆ, ಬಯಲಿಲ್ಲ. ಇನ್ನೊಂದು ಕಡೆ ಬಯಲಿದೆ, ತಂಡವಿಲ್ಲ. ಎರಡನ್ನೂ ಕೂಡಿಸಲು ನಡೆದ ಮೊದಲ ಮತದಾನದಲ್ಲಿ ಬೇಕಾದಷ್ಟು ಬಹುಮತ ದೊರೆಯಲಿಲ್ಲ! ದಾಯಾದಿಗಳ ಮನಸ್ತಾಪವು ಸಮುದ್ರದಾಚೆಯೂ ಒಂದೇ ಬಗೆ. 2023ರಲ್ಲಿ ಎರಡನೆಯ ಸಲ ಮತವೆತ್ತಲು ಕೂಡಿಕೆಯಾಗಿ, ಅದೇ ವರ್ಷ ಬೆರಿ ಎಂಬ ಹೆಸರಿನ ತಂಡವು ಒಂಬತ್ತನೆಯ ಮೆಟ್ಟಿಲಿನಲ್ಲಿ ಗಿಗ್ ಲೇನಿಗೆ ಮರಳಿತು. ನಾವು ಹೋದ ದಿನ ಅಲ್ಲಿ ಮೂರು ಸಾವಿರ ಜನರು ನೆರೆದಿದ್ದರೆಂದು ಅಂದಾಜು. ಆಟ ಅಷ್ಟೇನೂ ಚೆನ್ನಾಗಿರಲಿಲ್ಲ; ಚೆಂಡು ಬಹುಪಾಲು ಆಕಾಶದಲ್ಲಿಯೇ ಇದ್ದಿತು. ಆದರೂ ಜನರು ಕದಲಲಿಲ್ಲ.

ಬೆರಿಯ ಪತನದಿಂದಲೂ, 2021ರಲ್ಲಿ ಆರು ಮಹಾಸಂಘಗಳು ಯೂರೋಪಿನ ಬೇರೊಂದು ಕೂಟಕ್ಕೆ ಸೇರಹೊರಟ ಗಲಭೆಯಿಂದಲೂ ಎಚ್ಚೆತ್ತ ಸರಕಾರವು ಒಂದು ವಿಚಾರಣೆಯನ್ನು ನಡೆಸಿತು. ಪಾರ್ಲಿಮೆಂಟಿನ ಸದಸ್ಯೆ ಟ್ರೇಸಿ ಕ್ರೌಚ್ ಅದರ ಮುಖ್ಯಸ್ಥರು. ಅವರ ವರದಿಯ ಫಲವಾಗಿ ಹುಟ್ಟಿದ ಕಾನೂನಿಗೆ 2025ನೆಯ ಜುಲೈ 21ರಂದು ರಾಜಮುದ್ರೆ ಬಿದ್ದಿತು. ಲೀಗಿಗೆ ಅಧೀನನಲ್ಲದ ಒಬ್ಬ ನಿಯಾಮಕನು ಇನ್ನು ಮುಂದೆ ಸಂಘಗಳಿಗೆ ಪರವಾನಗಿ ಕೊಡುವನು. ಕೊಳ್ಳಬಂದವನ ಹಣವನ್ನೂ ನಡತೆಯನ್ನೂ ಪರೀಕ್ಷಿಸುವನು. ಅವನ ಒಪ್ಪಿಗೆಯಿಲ್ಲದೆ ಆಟದ ಬಯಲನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಆದರೆ ಈ ಕಾನೂನು ಮೇಲಿನ ಐದು ಮೆಟ್ಟಿಲುಗಳ 116 ಸಂಘಗಳಿಗೆ ಮಾತ್ರ. ಆ ವರ್ಷವೇ ಬೆರಿಯು ತನ್ನ ಕೂಟವನ್ನು ಗೆದ್ದು ಒಂಬತ್ತರಿಂದ ಎಂಟಕ್ಕೆ ಏರಿದ್ದಿತು. ಯಾವ ಸಂಘದ ದುರ್ಗತಿಯಿಂದ ಕಾನೂನು ಹುಟ್ಟಿತೋ, ಆ ಸಂಘಕ್ಕೆ ಅದರ ನೆರಳು ಬೀಳಬೇಕಾದರೆ ಆಗ ಇನ್ನೂ ಮೂರು ಮೆಟ್ಟಿಲು ಉಳಿದಿದ್ದುವು.

ಇದನ್ನೆಲ್ಲಾ ಮಗನು ನಮಗೆ ತಿಳಿಸಿದನು. ಅವನು ಆ ವೃದ್ಧರನ್ನು ಮತ್ತೆ ಕಂಡು ಕಾನೂನಿನ ಮಾತೆತ್ತಿದಾಗ ಅವರು, "ಅಲ್ಲಿಯವರೆಗೆ ನಮ್ಮ ಬಯಲನ್ನು ನಾವೇ ಕಾಯುತ್ತೇವೆ," ಎಂದು ಹೇಳಿ, ಅದೇ ಸಾಲಿನ ಅದೇ ಆಸನಕ್ಕೆ ಇಡೀ ಋತುವಿನ ಹಣವನ್ನು ಕಟ್ಟಲು ಹೋದರಂತೆ.