ಕರಿಕಾಯಿಯವನ ಕೆಲಸ

ಚದುರಂಗದ ಮಣೆ ಬಿಚ್ಚಿದರೆ ಸಾಕು, ನಮ್ಮ ಮನೆಯ ಹಿರಿಯರ ಕೈ ತಾನಾಗಿ ಬಿಳಿಕಾಯಿಗೆ ಹೋಗುತ್ತಿತ್ತು. ಮೊದಲ ನಡೆ ಬಿಳಿಯದು ಎಂಬುದು ಆಟದ ನಿಯಮ; ಬಿಳಿ ತಮ್ಮದು ಎಂಬುದು ಹಿರಿತನದ ನಿಯಮ. ಕಿರಿಯರ ಪಾಲಿಗೆ ಕರಿಕಾಯಿ, ಅಂದರೆ ಕೇಳಿದ್ದಕ್ಕೆ ಉತ್ತರ ಕೊಡುವ ಉದ್ಯೋಗ. ಹೊಡೆದ ಕಾಯಿಯನ್ನು ತಿರುಗಿ ಹೊಡೆಯದಿದ್ದರೆ ಮಾನ ಹೋಯಿತೆಂಬುದು ಜಗುಲಿಯ ಶಾಸ್ತ್ರ.

ಆ ಶಾಸ್ತ್ರಕ್ಕೆ ಸೊಪ್ಪು ಹಾಕದ ಆಟವೊಂದು 2013ರ ಜನವರಿ 15ರಂದು ನಡೆಯಿತು. ನೆದರ್ಲೆಂಡ್ಸ್‌ನ ಕಡಲತಡಿಯ ಊರು ವೈಕ್ ಆನ್ ಜೀ. ಟಾಟಾ ಸ್ಟೀಲ್ ಟೂರ್ನಿಯ ನಾಲ್ಕನೇ ಸುತ್ತು. ಬಿಳಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರದು, ಕರಿ ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರದು.

13ನೇ ನಡೆಯಲ್ಲಿ ಬಿಳಿ ಕುದುರೆ ಕರಿರಾಜನ ಮಗ್ಗುಲಿಗೇ ನುಗ್ಗಿ ಕಾಲಾಳನ್ನು ಹೊಡೆಯಿತು. ಆನಂದ್ ಅದನ್ನು ಮುಟ್ಟಲೇ ಇಲ್ಲ. ತಮ್ಮ ಕುದುರೆಯನ್ನು ಬಿಳಿರಾಜನತ್ತ ನೆಗೆಸಿದರು. 16ನೇ ನಡೆಗೆ ಇನ್ನೊಂದು ಕುದುರೆಯನ್ನು ತಂದು ಕಾಲಾಳುಗಳ ಬಾಯಿಗೇ ಇಟ್ಟರು. ಎಫ್ ಸಾಲಿನ ಕಾಲಾಳು ಆಸೆಪಟ್ಟು ಹೊಡೆದಿದ್ದರೆ, ಮಂತ್ರಿಯನ್ನೇ ಬಲಿಕೊಟ್ಟು ಕುದುರೆಯಿಂದ ಚೆಕ್‌ಮೇಟ್ ಮಾಡುವ ಹಂಚಿಕೆಯೂ ಅದರಲ್ಲಿ ಅಡಗಿತ್ತು. 19ನೇ ನಡೆಯಲ್ಲಿ ಬಿಳಿ ಕುದುರೆ ಆನೆಯನ್ನೇ ನುಂಗಿತು. ಆಗಲೂ ಆನಂದ್ ಸೇಡಿಗೆ ಇಳಿಯಲಿಲ್ಲ, ಕಾಲಾಳೊಂದನ್ನು ಎರಡು ಮನೆ ಮುಂದೆ ತಳ್ಳಿ ತಮ್ಮ ಕುದುರೆಗೆ ಆಸರೆ ಕೊಟ್ಟರು. ಇಷ್ಟೆಲ್ಲ ದಾಂಧಲೆ ಮಾಡಿದ ಬಿಳಿ ಕುದುರೆ ಕರಿಮಂತ್ರಿಗೆ ಸಿಕ್ಕಿದ್ದು 21ನೇ ನಡೆಯಲ್ಲಿ. ಅಷ್ಟರಲ್ಲಿ ಕರಿಯ ಎರಡೂ ಒಂಟೆಗಳು ಬಿಳಿರಾಜನ ಮೂಲೆಗೆ ಓರೆಯಾಗಿ ಗುರಿ ಹಿಡಿದಿದ್ದವು. 23ನೇ ನಡೆಯಲ್ಲಿ ಒಂದು ಒಂಟೆ ಒಂದೇ ಮನೆ ಸರಿದು, ಕಾವಲಿಗೆ ಧಾವಿಸಿದ್ದ ಬಿಳಿಮಂತ್ರಿಯ ದಾರಿಗೆ ಅಡ್ಡ ನಿಂತಿತು. ಅರೋನಿಯನ್ ಸೋಲೊಪ್ಪಿದರು.

ಆಟ ಬಲ್ಲವರಿಗೆ 1907ರ ಇನ್ನೊಂದು ಆಟ ನೆನಪಾಗದೆ ಇರದು. ಇಂದಿನ ಪೋಲೆಂಡಿನ ಲಾಡ್ಜ್ ನಗರದಲ್ಲಿ ರೂಬಿನ್‌ಸ್ಟೈನ್, ರೊಟ್ಲೆವಿಯನ್ನು ಕರಿಕಾಯಿಯಲ್ಲೇ 25 ನಡೆಗಳಲ್ಲಿ ಕೆಡವಿದ್ದರು. ಅಲ್ಲಿಯೂ ಜೋಡಿ ಒಂಟೆಗಳದೇ ಕಾರುಬಾರು.

ಆನಂದ್ ಆಟವನ್ನು ತಾಳ್ಮೆಯ ಪಾಠವೆಂದು ಹೊಗಳಿದರೆ ಅರ್ಧ ಮಾತು ಆಡಿದಂತೆ. ಏಟು ತಿಂದು ಸುಮ್ಮನಿರುವವರು ಬೇಕಾದಷ್ಟು ಜನ. ಬೇರೆ ಗತಿಯಿಲ್ಲದೆಯೂ ಸುಮ್ಮನಿರಬಹುದು. ಆನಂದ್ ತಿರುಗಿ ಹೊಡೆಯದಿದ್ದದ್ದು ಕೈಯಲ್ಲಿ ಅದಕ್ಕಿಂತ ದೊಡ್ಡ ಕೆಲಸವಿದ್ದುದರಿಂದ. ಮದುವೆಮನೆಯಲ್ಲಿ ಚುಚ್ಚಿ ಮಾತಾಡುವ ನೆಂಟರಿಗೆ ಉತ್ತರ ಕೊಡದೆ ಒಳಗೆ ನಡೆಯುವ ಅತ್ತೆಯಂದಿರನ್ನು ಯಾರಾದರೂ ಪುಕ್ಕಲರೆಂದರೆ ನಾನು ಒಪ್ಪುವುದಿಲ್ಲ. ಪಾಪ, ಅವರಿಗೆ ಮುಂದಿನ ಪಂಕ್ತಿಗೆ ಎಲೆ ಹಾಕಿಸುವುದಿರುತ್ತದೆ.