ಗಾಜಿನ ಟೀಪಾಟು ಕಲಿಸಿದ ಕನ್ನಡ

ಒಂದೇ ಪಾನೀಯ, ಹೆಸರು ಹಲವು. ಮೈಸೂರು, ಬೆಂಗಳೂರಿನ ಕಡೆ ‘ಟೀ’, ಧಾರವಾಡ, ಬೆಳಗಾವಿಯ ಕಡೆ ‘ಚಹಾ’, ಮಂಗಳೂರಿನ ಕಡೆ ‘ಚಾ’. ನಾವೀಗ ಬದುಕುತ್ತಿರುವ ಈ ಕೊಲ್ಲಿ ನಾಡಿನಲ್ಲಿ ‘ಶಾಯ್’. ಎಲ್ಲದರ ತವರೂ ಚೀನಾ. ಅಲ್ಲಿನ ಫೂಜಿಯನ್ ಕರಾವಳಿಯ ‘ತೆ’ ಎಂಬ ಮಾತು ಡಚ್ ವ್ಯಾಪಾರಿಗಳ ಹಡಗು ಹತ್ತಿ ಯುರೋಪಿಗೆ ಹೋಗಿ ‘ಟೀ’ ಆಯಿತು. ಚೀನಾದ ಬೇರೆ ಭಾಗಗಳ ‘ಚಾ’ ಎಂಬುದೇ ಚಹಾ, ಶಾಯ್‌ಗಳಿಗೆ ಮೂಲ.

ಕಳೆದ ವರ್ಷ ಧಾರವಾಡದಿಂದ ಮಾವನವರು ನಮ್ಮಲ್ಲಿಗೆ ಮೂರು ತಿಂಗಳಿಗೆಂದು ಬಂದಿದ್ದರು. ಸಕ್ಕರೆ ಬಿಡಬೇಕೆಂದು ವೈದ್ಯರು ಹೇಳಿದ್ದರು. ಸಕ್ಕರೆ ಇಲ್ಲದ ಹಾಲಿನ ಚಹಾ ಅವರಿಗೆ ಒಗ್ಗಲಿಲ್ಲ. ಹಾಲಿಲ್ಲದ ತಿಳಿ ಚಹಾ ಮಾಡಿ ನೋಡೋಣವೆಂದು ನಾವು ಒಂದು ಗಾಜಿನ ಟೀಪಾಟು ಕೊಳ್ಳಲು ಹೊರಟೆವು.

ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಎಲ್ಲವೂ ಚಂದವೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಹೊಳೆಯುವ ಗಾಜೆಲ್ಲ ಕುದಿನೀರಿಗೆ ಆಗುವುದಿಲ್ಲ. ಸಾಮಾನ್ಯ ಗಾಜಿಗೆ ಕುದಿನೀರು ಸುರಿದರೆ ಒಳಮೈ ತಟ್ಟನೆ ಹಿಗ್ಗುತ್ತದೆ, ಹೊರಮೈ ಹಿಗ್ಗಿರುವುದಿಲ್ಲ. ಆ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಬೋರಾನ್ ಬೆರೆಸಿದ ಬೋರೋಸಿಲಿಕೇಟ್ ಗಾಜು ಹಿಗ್ಗುವುದು ಅದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಇದನ್ನು ರೂಪಿಸಿದವರು ಜರ್ಮನಿಯ ಯೇನಾ ನಗರದ ಆಟೋ ಶಾಟ್, 19ನೆಯ ಶತಮಾನದ ಕೊನೆಯಲ್ಲಿ. ಅದೇ ಊರಿನ ಗಾಜಿನ ಕಾರ್ಖಾನೆಗಾಗಿ 1931ರಲ್ಲಿ ವಿಲ್‌ಹೆಲ್ಮ್ ವಾಗೆನ್‌ಫೆಲ್ಡ್ ರಚಿಸಿದ ಗಾಜಿನ ಟೀಪಾಟು ಇಂದಿಗೂ ಹೆಸರುವಾಸಿ. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಬೋರೋಸಿಲಿಕೇಟ್’ ಎಂದು ಬರೆದಿರುವುದನ್ನು ನೋಡಿಯೇ ನಾವು ಕೈಗೆತ್ತಿಕೊಂಡೆವು.

ಇನ್ನೂ ಕೆಲವನ್ನು ಗಮನಿಸಿದೆವು. ಒಳಗಿನ ಜಾಲರಿ ಅಗಲವಾಗಿರಬೇಕು, ಎಲೆ ಅರಳಲು ಜಾಗ ಬೇಕು. ಅದು ತಳದವರೆಗೆ ಇಳಿದಿರಬೇಕು, ಇಲ್ಲವಾದರೆ ಎರಡು ಲೋಟ ಚಹಾ ಮಾಡುವಾಗ ಎಲೆಗೆ ನೀರೇ ತಾಗದು. ಬಗ್ಗಿಸಿದಾಗ ಮುಚ್ಚಳ ಬೀಳಬಾರದು. ಹಿಡಿಯೊಳಗೆ ಬೆರಳು ತೂರಿದಾಗ ಬಿಸಿಗಾಜು ತಗಲಬಾರದು. ಮೂರು ಜನಕ್ಕೆ ಸುಮಾರು 600 ಮಿಲಿಲೀಟರ್ ಹಿಡಿಸುವುದು ಸಾಕು.

ಮೊದಲ ದಿನ ಮಾವನವರು ನೋಡಿ ನಕ್ಕರು. “ಚಹಾ ಅಂದ್ರ ಖಳಾಖಳಾ ಕುದೀಬೇಕವಾ. ಇದೇನು, ಎಲಿಗೆ ಜಳಕಾ ಮಾಡಿಸಿದಂಗಾತು!” ಆದರೆ ಎರಡನೆಯ ತರಗತಿಯ ನಮ್ಮ ಮಗಳು ಮೇಜಿಗೆ ಗಲ್ಲ ಊರಿ ನೋಡುತ್ತ ಕುಳಿತಳು. ಎಲೆಯಿಂದ ಕೆಂಪು ಬಣ್ಣ ಎಳೆಎಳೆಯಾಗಿ ಇಳಿಯುತ್ತಿತ್ತು. ಅಜ್ಜನೂ ಪತ್ರಿಕೆ ಮಡಚಿಟ್ಟು ಪಕ್ಕಕ್ಕೆ ಬಂದರು.

ಅಲ್ಲಿಯವರೆಗೆ ಅವರಿಬ್ಬರ ನಡುವೆ ಮಾತು ಕಡಿಮೆಯಿತ್ತು. ಅಜ್ಜ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದು ಪದ ಹೇಳಿ ಓಡುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲವೆಂದಲ್ಲ. ಅಕ್ಷರ ಗೊತ್ತು, ಹಣ್ಣು, ಪ್ರಾಣಿಗಳ ಹೆಸರು ಗೊತ್ತು. ನಮ್ಮ ತರಗತಿಯ ಹಲವು ಮಕ್ಕಳಂತೆ ಅವಳಲ್ಲಿಯೂ ನಾಮಪದಗಳಿದ್ದವು, ಕ್ರಿಯಾಪದಗಳಿರಲಿಲ್ಲ. ಕ್ರಿಯಾಪದವಿಲ್ಲದೆ ಮಾತು ಮುಂದೆ ಸಾಗದು.

ಚಹಾ ಇಳಿಯಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ದಿನವೂ ಅವರಿಬ್ಬರ ಪಾಲಿಗೆ ಸಿಕ್ಕಿತು. “ಎಲಿ ಅರಳಾಕತ್ತದ ನೋಡು” ಎಂದರು ಅಜ್ಜ. ಹೂವಷ್ಟೇ ಅಲ್ಲ, ಎಲೆಯೂ ಅರಳುತ್ತದೆಂದು ಅವಳಿಗೆ ತಿಳಿಯಿತು. ನೀರನ್ನು ಸುರಿಯುವುದು, ಚಹಾವನ್ನು ಬಸಿಯುವುದು, ಪುಡಿಯನ್ನು ಸೋಸುವುದು: ಮೂರೂ ಬೇರೆ ಬೇರೆ ಎಂಬುದು ಕಣ್ಣಿಗೇ ಕಾಣಿಸಿತು. ತಳದಲ್ಲಿ ನಿಂತದ್ದು ಗಸಿ, ಮೇಲಿನದು ತಿಳಿ. ಎಂಟು ನಿಮಿಷ ಬಿಟ್ಟ ಚಹಾ ಒಗರು. ಸಾಕಷ್ಟು ಬಣ್ಣ ಬಂದಾಗ ಅದು ಹದ. ನಿಂಬೆರಸ ಹಿಂಡಿದೊಡನೆ ಕಡುಗೆಂಪು ತಿಳಿಯಾಗಿ ಹೊಂಬಣ್ಣವಾದದ್ದನ್ನು ಕಂಡು ಇಬ್ಬರೂ ಚಪ್ಪಾಳೆ ತಟ್ಟಿದರು. ಇಲ್ಲಿ ಸುಲೈಮಾನಿ ಎಂದು ಕುಡಿಯುವುದು ಇಂತಹ ಚಹಾವನ್ನೇ. ಒಂದು ಏಲಕ್ಕಿ ಜಜ್ಜಿ ಹಾಕಿದ ಮೇಲೆ ಮಾವನವರು ಸಕ್ಕರೆಯನ್ನು ಕೇಳುವುದನ್ನೇ ಬಿಟ್ಟರು.

ಮನೆಯಲ್ಲಿ ಮಾಡಿ ನೋಡುವವರಿಗಾಗಿ ನಮ್ಮ ಕ್ರಮ ಇಷ್ಟು. ಮೊದಲು ಬಿಸಿನೀರಿನಿಂದ ಟೀಪಾಟನ್ನು ತೊಳೆದು ಬೆಚ್ಚಗೆ ಮಾಡಿಕೊಳ್ಳಿ, ತೆಳು ಗಾಜಿನಲ್ಲಿ ಬಿಸಿ ಬೇಗ ಆರುತ್ತದೆ. ಲೋಟಕ್ಕೆ ಒಂದು ಚಮಚ, ಅಂದರೆ ಸುಮಾರು 2 ಗ್ರಾಂ ಎಲೆ ಹಾಕಿ ಕುದಿನೀರು ಹೊಯ್ಯಿರಿ. ಹಸಿರು ಚಹಾ ಆದರೆ ನೀರು 80 ಡಿಗ್ರಿಗೆ ಇಳಿಯಲಿ, ಎರಡು ನಿಮಿಷ ಸಾಕು. ಹದ ಬಂದೊಡನೆ ಜಾಲರಿ ಎತ್ತಿಬಿಡಿ. ಒಲೆಗೆ ಆಗುತ್ತದೆಂದು ಬರೆದಿಲ್ಲದಿದ್ದರೆ ಒಲೆಯ ಮೇಲೆ ಇಡಬೇಡಿ. ಕಲೆಗೆ ಅಡುಗೆ ಸೋಡಾ ಹಚ್ಚಿ, ಮೃದು ಬಟ್ಟೆಯಿಂದ ಉಜ್ಜಿ. ತಂತಿಯ ಜುಂಗು ಬೇಡ, ಗೀರು ಬಿದ್ದ ಗಾಜಿನ ಬಲ ಕುಂದುತ್ತದೆ. ಮಕ್ಕಳೇ, ನೀರು ಸುರಿಯುವ ಕೆಲಸ ದೊಡ್ಡವರದು. ನೋಡುವುದು, ಹೇಳುವುದು ನಿಮ್ಮದು.

ಮಾವನವರು ಊರಿಗೆ ಮರಳಿದ ಮೇಲೆ ಮೊದಲ ಶುಕ್ರವಾರ ಫೋನ್ ಮಾಡಿದೆವು. ಮಗಳು ನಮ್ಮ ಕೈಯಿಂದ ಫೋನ್ ತೆಗೆದುಕೊಂಡು, “ಅಜ್ಜಾ, ಇವತ್ತು ಅಮ್ಮ ಬಸಿಯೋದು ತಡ ಆಯ್ತು, ಚಹಾ ಒಗರಾಗಿತ್ತು” ಎಂದಳು. ನಾವು ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಆ ಕಡೆ ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾಳೆ ಗಡಿಯಾರ ನೀನ ನೋಡವಾ” ಎಂದರು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಟೀಪಾಟೇ ಆಗಬೇಕೆಂದಿಲ್ಲ, ಅಕ್ಕಿ ತೊಳೆಯುವಾಗ, ಮಜ್ಜಿಗೆ ಕಡೆಯುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಡೆಯುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ಹೆಸರು ಹೇಳಿ. ವಾರಕ್ಕೊಂದು ತರಗತಿಯಲ್ಲಿ ನಾವು ಅಕ್ಷರ ಕಲಿಸಬಲ್ಲೆವು. ಮಾತು ಅರಳುವುದು ನಿಮ್ಮ ಅಡುಗೆಮನೆಯಲ್ಲಿ.