ಹೊತ್ತು ದಾಟಿಸುವ ಮಾತು

ಇಂಗ್ಲಿಷಿನ ಕೆಲವು ಕ್ರಿಯಾಪದಗಳು ನಮ್ಮ ಮನೆಮಾತಿನಲ್ಲೇ ಬೆರೆತುಹೋಗಿವೆ. ‘ಟ್ರಾನ್ಸ್‌ಫರ್’ ಅಂಥದೊಂದು. ಮಾಸ್ತರರಿಗೆ ಟ್ರಾನ್ಸ್‌ಫರ್ ಆಯಿತೆಂದರೆ ನಮ್ಮ ಮಕ್ತಲದ ಕಡೆಯ ಅಜ್ಜಿಯರಿಗೂ ತಿಳಿಯುತ್ತದೆ. ಬ್ಯಾಂಕಿನ ಗುಮಾಸ್ತನಾದ ನನಗಂತೂ ದಿನಕ್ಕೆ ಹತ್ತಾರು ಸಲ ಈ ಪದ ಬೇಕು. ಹಣಕ್ಕೂ ಅದೇ, ನೌಕರನಿಗೂ ಅದೇ.

ಪದದ ಮೂಲ ಲ್ಯಾಟಿನ್. ‘ಟ್ರಾನ್ಸ್’ ಎಂದರೆ ಆಚೆಗೆ, ‘ಫೆರ್ರೆ’ ಎಂದರೆ ಹೊರುವುದು. ಹೊತ್ತು ಆಚೆ ದಾಟಿಸುವುದೇ ಟ್ರಾನ್ಸ್‌ಫರ್. ಕಷ್ಟಪಡು, ಸಹಿಸು ಎಂಬ ಅರ್ಥದ ‘ಸಫರ್’ ಕೂಡ ಅದೇ ಧಾತುವಿನದು. ಅದು ಭಾರದ ಕೆಳಗೆ ನಿಂತು ಹೊರುವುದು. ಮಲಯಾಳದಲ್ಲಿ ನೌಕರನಿಗೆ ‘ಸ್ಥಲಂಮಾಟ್ಟಂ’, ಒಬ್ಬರಿಂದ ಒಬ್ಬರಿಗೆ ಹೋಗುವ ಸೊತ್ತಿಗೆ ‘ಕೈಮಾಟ್ಟಂ’ ಎಂದು ಎರಡು ಮಾತುಗಳಿವೆ. ತೆಲುಗಿನ ‘ಬದಿಲೀ’, ನಮ್ಮ ‘ಬದಲಿ’ ಎರಡೂ ಅರಬ್ಬಿಯ ‘ಬದಲ್’ನಿಂದ ಬಂದವು. ಒಂದರ ಜಾಗಕ್ಕೆ ಇನ್ನೊಂದು ಎಂಬುದು ಅದರ ತಾತ್ಪರ್ಯ. ಹೊರುವವನ ಸುಳಿವು ಇವುಗಳಲ್ಲಿಲ್ಲ.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೈದರಾಬಾದ್ ರಾಜ್ಯದ ಪ್ರದೇಶಗಳನ್ನು ಆಂಧ್ರಕ್ಕೆ ಸೇರಿಸಿದ್ದು ‘ಟ್ರಾನ್ಸ್‌ಫರ್’ ಎಂಬ ತಲೆಬರಹದಡಿಯಲ್ಲೇ. ರಾಯಚೂರು ಜಿಲ್ಲೆಯಿಂದ ಗದ್ವಾಲ ಮತ್ತು ಆಲಂಪುರ, ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಹೋದವು. ಮಕ್ತಲ, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯ ಜೊತೆಗೇ ಆ ಕಡೆ ಸೇರಿದವು. ಅದೇ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ನಮಗೂ ನಿಮಗೂ ಒಂದೇ ದಿನದ ಟ್ರಾನ್ಸ್‌ಫರ್.

ನೌಕರನಾದರೆ ಪೆಟ್ಟಿಗೆ ಕಟ್ಟಿ ಹೊರಡುತ್ತಾನೆ. ಎರಡು ಮೂರು ವರ್ಷಕ್ಕೆ ಮರಳುವ ಆಸೆಯಾದರೂ ಇರುತ್ತದೆ. ಇಲ್ಲಿ ಹೊಲ, ಬಾವಿ, ಗುಡಿ ಯಾವುದೂ ಕದಲಲಿಲ್ಲ. ಅರ್ಜಿಯ ಭಾಷೆ, ಶಾಲೆಯ ಪುಸ್ತಕ, ಬಸ್ಸಿನ ಬೋರ್ಡು ಬದಲಾದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾಕೇಂದ್ರಗಳಾದವು. ಮನೆಯೊಳಗಿನ ಮಾತು ಮಾತ್ರ ಕನ್ನಡವಾಗಿಯೇ ಉಳಿದ ಕುಟುಂಬಗಳು ನಮ್ಮಲ್ಲಿವೆ. ತೆಲುಗಿನ ಮೇಲೆ ನಮಗೆ ಮುನಿಸಿಲ್ಲ. ಅದು ನಮ್ಮ ಅನ್ನದ ಭಾಷೆ, ನೆರೆಹೊರೆಯ ಭಾಷೆ.

ಬ್ಯಾಂಕಿನಲ್ಲಿ ಒಂದು ಖಾತೆಗೆ ಖರ್ಚು ಬರೆದರೆ ಇನ್ನೊಂದಕ್ಕೆ ಜಮಾ ಬರೆಯಲೇಬೇಕು. ಎರಡೂ ತಾಳೆಯಾಗದೆ ದಿನದ ಲೆಕ್ಕ ಮುಗಿಯದು. ಭೂಮಿಯ ಲೆಕ್ಕವನ್ನು ಸರಕಾರ 1956ರಲ್ಲೇ ತಾಳೆ ಮಾಡಿತು. ಭಾಷೆಯನ್ನು ಅಜ್ಜನಿಂದ ಮೊಮ್ಮಗಳಿಗೆ ದಾಟಿಸಲು ಯಾವ ಕಾಯಿದೆಯೂ ಇಲ್ಲ, ಯಾರಾದರೂ ಹೊರಲೇಬೇಕು. ನನ್ನ ಮಗಳ ಶಾಲೆಯಲ್ಲಿ ಕನ್ನಡವಿಲ್ಲ. ರಾತ್ರಿ ಊಟವಾದ ಮೇಲೆ ಅವಳ ತಾಯಿ ಕನ್ನಡ ಬರೆಸುತ್ತಾಳೆ. ತೆಲುಗಿನ ತಲಕಟ್ಟು ನುಸುಳಿದರೆ ತಿದ್ದುತ್ತಾಳೆ. ಈಗ ಹುಡುಗಿ ಒತ್ತಕ್ಷರದವರೆಗೆ ಬಂದಿದ್ದಾಳೆ.